ರಾಜೀನಾಮೆ ಓದಿ ಹೊರಟ ಪಾಸ್ಟರ್, ಅವರ ಜೇಬಿನಲ್ಲೇ ಉಳಿದ ಕೀಲಿ

ಪ್ರಶ್ನೆ: ನಮ್ಮದು ಕಾರವಾರದ ಸಣ್ಣ ಸ್ವತಂತ್ರ ಕ್ರೈಸ್ತ ಸಭೆ. ಸುಮಾರು 60 ಮನೆಗಳಿವೆ, ಸೊಸೈಟಿಯಾಗಿ ನೋಂದಣಿಯಾಗಿದೆ. ಒಂಬತ್ತು ವರ್ಷ ಸೇವೆ ಮಾಡಿದ ಪಾಸ್ಟರ್ ಕಳೆದ ತಿಂಗಳು ಭಾನುವಾರದ ಆರಾಧನೆಯ ಕೊನೆಯಲ್ಲಿ ರಾಜೀನಾಮೆ ಓದಿ ಹೊರಟುಬಿಟ್ಟರು. ನೌಕಾನೆಲೆ ಮತ್ತು ಕೈಗಾದಲ್ಲಿ ಕೆಲಸ ಮಾಡುವ ಕುಟುಂಬಗಳಿಗಾಗಿ ಅವರು ಹಿಂದಿ ಆರಾಧನೆ ಶುರು ಮಾಡಿದ್ದರು. ಹಿರಿಯರಿಗೆ ಅದು ಇಷ್ಟವಿರಲಿಲ್ಲ. ಛಾವಣಿ ರಿಪೇರಿಗೆಂದು ಕೂಡಿಸಿದ ಹಣದಲ್ಲಿ 1.40 ಲಕ್ಷ ರೂಪಾಯಿಯನ್ನು ಆ ಆರಾಧನೆಯ ಸ್ಪೀಕರ್, ಕುರ್ಚಿಗಳಿಗೆ ಬಳಸಿದ್ದು ಗೊತ್ತಾದಾಗ ಜಗಳ ಜೋರಾಯಿತು. ನಮ್ಮಲ್ಲಿ ಚೆಕ್ಕಿಗೆ ಪಾಸ್ಟರ್ ಮತ್ತು ಖಜಾಂಚಿ ಇಬ್ಬರ ಸಹಿಯೂ ಬೇಕು ಎಂಬ ನಿಯಮವಿದೆ, ಆದರೂ ಹೀಗಾಯಿತು. ವಿವರಣೆ ಕೇಳಿ ಸಮಿತಿಯು ಒಂದು ಶನಿವಾರ ರಾತ್ರಿ ಅವರಿಗೆ ಪತ್ರ ಕೊಟ್ಟಿತು. ಮರುದಿನವೇ ಅವರು ಹೊರಟರು. ಈಗ ಸದಾಶಿವಗಡದ ಮನೆಯೊಂದರಲ್ಲಿ ಪ್ರಾರ್ಥನಾ ಕೂಟ ನಡೆಸುತ್ತಿದ್ದಾರೆ. 18 ಮನೆಯವರು ಅಲ್ಲಿಗೆ ಹೋಗುತ್ತಿದ್ದಾರೆ. ಪಾರ್ಸನೇಜಿನ (ಸಭೆ ಪಾಸ್ಟರಿಗೆ ಕೊಟ್ಟ ಮನೆಯ) ಕೀಲಿ, ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆ ಪುಸ್ತಕಗಳು ಅವರ ಬಳಿಯೇ ಇವೆ. ಪಾಸ್ಟರಮ್ಮ ಭಾನುವಾರ ಶಾಲೆಯ ಕೀಬೋರ್ಡನ್ನೂ ಒಯ್ದಿದ್ದಾರೆ. ಪೊಲೀಸರಿಗೆ ದೂರು ಕೊಡೋಣ ಎನ್ನುವವರು ಕೆಲವರು, ಬೀಗ ಒಡೆಯೋಣ ಎನ್ನುವವರು ಕೆಲವರು. ಫೆಬ್ರವರಿಯಲ್ಲಿ ಸಭೆಯಲ್ಲಿ ಒಂದು ಮದುವೆಯೂ ಇದೆ. ನಾನು ಸಮಿತಿಯ ಖಜಾಂಚಿ, ಆ ಪತ್ರಕ್ಕೆ ಸಹಿ ಹಾಕಿದವಳು. ತಪ್ಪು ಯಾರದ್ದು? ಈಗ ಏನು ಮಾಡಬೇಕು?

ಉತ್ತರ: ಸಹೋದರಿ, ವಂದನೆಗಳು.

ತಪ್ಪು ಯಾರದ್ದು ಎಂಬ ತೀರ್ಪನ್ನು ನಾನು ಕೊಡುವುದಿಲ್ಲ. ಒಂದು ಕಡೆಯವರ ಪತ್ರ ಓದಿ ಇನ್ನೊಂದು ಕಡೆಯವರ ಲೆಕ್ಕ ಮುಗಿಸುವುದು ನನ್ನ ಕೆಲಸವಲ್ಲ. ಮೂವತ್ತೈದು ವರ್ಷ ಸಭಾಪಾಲಕನಾಗಿದ್ದು ನಿವೃತ್ತನಾದ ಮೇಲೆ ಇಂಥ ಜಗಳಗಳ ನಡುವೆ ಕೂರುವುದೇ ನನ್ನ ಕಸುಬಾಗಿಬಿಟ್ಟಿದೆ. ಆದರೂ ನೀವು ಬರೆದದ್ದರಲ್ಲಿ ಎರಡು ಸಂಗತಿಗಳು ನನ್ನ ಕಣ್ಣಿಗೆ ಬಿದ್ದಿವೆ, ಮೊದಲು ಅವನ್ನು ಹೇಳಿಬಿಡುತ್ತೇನೆ.

ಒಂದು, ಶನಿವಾರ ರಾತ್ರಿ. ಶನಿವಾರ ರಾತ್ರಿ ಸಭಾಪಾಲಕನ ಮನೆ ಹೇಗಿರುತ್ತದೆ ಎಂದು ನಿಮ್ಮ ಸಮಿತಿಯಲ್ಲಿ ಯಾರಿಗೂ ಗೊತ್ತಿಲ್ಲ ಎಂದರೆ ನಾನು ನಂಬುವುದಿಲ್ಲ. ಮರುದಿನದ ಪ್ರಸಂಗ, ಎಂದರೆ ಬೋಧನೆ, ಅರ್ಧ ಬರೆದಿರುತ್ತದೆ, ಬಿಳಿ ಅಂಗಿಗೆ ಇಸ್ತ್ರಿಯಾಗಿರುತ್ತದೆ, ಮಕ್ಕಳಿಗೆ ಗಲಾಟೆ ಮಾಡಬೇಡಿ ಎಂದು ಹೇಳಿರುತ್ತಾರೆ. ಆ ಹೊತ್ತಿಗೆ ನಾಲ್ಕು ಮಂದಿ ಹೋಗಿ ಹಣದ ವಿವರಣೆ ಕೇಳುವ ಪತ್ರ ಕೊಟ್ಟು, ಬೆಳಿಗ್ಗೆ ಹತ್ತು ಗಂಟೆಗೆ ಅದೇ ಮನುಷ್ಯ ಪೀಠದಲ್ಲಿ ನಿಂತು ಸಮಾಧಾನದ ಆಶೀರ್ವಾದ ಹೇಳಬೇಕೆಂದು ನಿರೀಕ್ಷಿಸಿದಿರಿ. ಪತ್ರದ ವಿಷಯ ಸರಿಯಿರಬಹುದು. ಕೊಟ್ಟ ಹೊತ್ತು ಮಾತ್ರ ತಪ್ಪು. ಇನ್ನು ಆರಾಧನೆಯ ಕೊನೆಯಲ್ಲಿ, ಮಕ್ಕಳೂ ಕೂತಿರುವಾಗ, ಯಾರಿಗೂ ಮರುಮಾತಿಗೆ ಎಡೆಯಿಲ್ಲದ ಜಾಗದಲ್ಲಿ ನಿಂತು ರಾಜೀನಾಮೆ ಓದಿದ್ದು ಅವರ ತಪ್ಪು. ಪೀಠ ಇರುವುದು ಅದಕ್ಕಲ್ಲ.

ಎರಡನೆಯದು ನಿಮಗೆ ಕಷ್ಟವಾಗುವ ಮಾತು. ಚೆಕ್ಕಿಗೆ ಪಾಸ್ಟರ್ ಮತ್ತು ಖಜಾಂಚಿ ಇಬ್ಬರ ಸಹಿ ಬೇಕು ಎಂದು ನೀವೇ ಬರೆದಿದ್ದೀರಿ. ಖಜಾಂಚಿ ನಾನೇ ಎಂದೂ ಬರೆದಿದ್ದೀರಿ. ಹಾಗಾದರೆ ಆ 1.40 ಲಕ್ಷದ ಚೆಕ್ಕಿನ ಮೇಲಿರುವ ಎರಡನೆಯ ಸಹಿ ಯಾರದ್ದು? ಬಹುಶಃ ಖಾಲಿ ಚೆಕ್ಕುಗಳಿಗೆ ಮೊದಲೇ ಸಹಿ ಹಾಕಿ ಕೊಟ್ಟಿದ್ದೀರಿ. ಸಣ್ಣ ಸಭೆಗಳಲ್ಲಿ ಇದು ನಡೆಯುತ್ತದೆ. ಪಾಸ್ಟರ್ ಎಂದರೆ ನಂಬಿಕೆ, ಖಜಾಂಚಿಗೆ ಮನೆ ಕೆಲಸವೂ ಇರುತ್ತದೆ, ಬ್ಯಾಂಕು ಮಧ್ಯಾಹ್ನಕ್ಕೆ ಮುಚ್ಚುತ್ತದೆ. ನಾನು ನಿಮ್ಮನ್ನು ದೂಷಿಸುತ್ತಿಲ್ಲ. ಆದರೆ ಈ ಸಂಗತಿಯನ್ನು ಪಕ್ಕಕ್ಕಿಟ್ಟು ಮುಂದಿನ ಯಾವ ಹೆಜ್ಜೆಯನ್ನೂ ಇಡಲಾಗದು.

ಹಣದ ವಿಚಾರದಲ್ಲಿ ನನ್ನ ಅಭಿಪ್ರಾಯ ಇಷ್ಟು: ಅದು ಕಳ್ಳತನವಲ್ಲ, ಸರಿಯೂ ಅಲ್ಲ. ಸ್ಪೀಕರ್ ಸಭೆಯಲ್ಲೇ ಇದೆ, ಕುರ್ಚಿಗಳೂ ಸಭೆಯಲ್ಲೇ ಇವೆ, ಅವರ ಮನೆಗೇನೂ ಹೋಗಿಲ್ಲ. ಆದರೆ ಛಾವಣಿಗೆಂದು ಕೊಟ್ಟ ಕಾಣಿಕೆ ಛಾವಣಿಗೇ ಹೋಗಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರಿನಲ್ಲಿ ಛಾವಣಿ ಎಂಬುದು ಅಲಂಕಾರವಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದನ್ನು ನಮ್ಮ ಕರಾವಳಿಯ ಜನ ಇಂದಿಗೂ ನೆನೆಯುತ್ತಾರೆ. ಅವರ ಪ್ರಸಂಗಗಳಲ್ಲಿ ಒಂದನ್ನಾದರೂ ನೆನೆಯುವವರನ್ನು ನಾನು ನೋಡಿಲ್ಲ. ಜುಲೈ ತಿಂಗಳಲ್ಲಿ ಆರಾಧನೆಯ ನಡುವೆ ಬಕೆಟ್ ಇಡುವ ಹಿರಿಯರ ಸಿಟ್ಟು ನನಗೆ ಅರ್ಥವಾಗುತ್ತದೆ. ಒಂದು ಉದ್ದೇಶಕ್ಕೆ ಕೂಡಿಸಿದ ಹಣವನ್ನು ಇನ್ನೊಂದಕ್ಕೆ ತಿರುಗಿಸಬೇಕಾದರೆ, ಕೊಟ್ಟವರ ಮುಂದೆ ಹೇಳಿ ಸಾಮಾನ್ಯ ಸಭೆಯ ಠರಾವು ಪಡೆಯಬೇಕು. ಒಬ್ಬ ಹಿರಿಯರ ಕಿವಿಯಲ್ಲಿ ಹೇಳಿದ್ದು ಒಪ್ಪಿಗೆಯಾಗುವುದಿಲ್ಲ.

ಹಿಂದಿ ಆರಾಧನೆಯ ಬಗ್ಗೆ ನಾನು ಪಾಸ್ಟರ್ ಕಡೆಗೆ ವಾಲುತ್ತೇನೆ, ಮುಚ್ಚಿಡುವುದೇಕೆ. ನೌಕಾನೆಲೆಯವರು ಎರಡು ಮೂರು ವರ್ಷಕ್ಕೆ ವರ್ಗವಾಗಿ ಹೋಗುತ್ತಾರೆ, ಅವರಿಗಾಗಿ ಇಷ್ಟೆಲ್ಲ ಏಕೆ ಎಂಬ ಮಾತನ್ನು ನಾನು ಬೇರೆ ಊರುಗಳಲ್ಲೂ ಕೇಳಿದ್ದೇನೆ. ಅವರು ಹೋಗುತ್ತಾರೆ, ನಿಜ. ಅವರ ಕ್ವಾರ್ಟರ್ಸಿಗೆ ಮರುವಾರವೇ ಇನ್ನೊಂದು ಕುಟುಂಬ ಬಂದು ಟ್ರಂಕು ಇಳಿಸುತ್ತದೆ. ಕದಂಬ ನೌಕಾನೆಲೆ ಬಂದು 20 ವರ್ಷ ದಾಟಿತು, ಕೈಗಾದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಗಿ ಅದಕ್ಕಿಂತಲೂ ಹೆಚ್ಚಾಯಿತು. ಆದರೆ ಈ ವಿಷಯವನ್ನು ಪಾಸ್ಟರ್ ನಿಮ್ಮೊಡನೆ ಕೂತು ಇತ್ಯರ್ಥ ಮಾಡಿಕೊಳ್ಳದೆ ಹಣದ ದಾರಿಯಲ್ಲಿ ಮುಗಿಸಲು ಹೋದರು. ಅಲ್ಲಿಗೆ ಸರಿಯಾದ ಕೆಲಸವೂ ಕೆಟ್ಟಿತು.

ಇಂಥ ಸಂದರ್ಭದಲ್ಲಿ ಪಕ್ಕದ ಇಗರ್ಜಿಯವರು, ಎಂದರೆ ಕಥೋಲಿಕರು, ಏನು ಮಾಡುತ್ತಾರೆ ಎಂದು ನೋಡಿದರೆ ಲಾಭವಿದೆ. ಕಾರವಾರ ಕಥೋಲಿಕ ಧರ್ಮಪ್ರಾಂತ್ಯ 1976ರಲ್ಲಿ ಬೆಳಗಾವಿಯಿಂದ ಬೇರೆಯಾಗಿ ಹುಟ್ಟಿತು. ಅಲ್ಲಿ ವಿಗಾರರು, ಎಂದರೆ ಇಗರ್ಜಿಯ ಗುರುಗಳು, ಬರುವುದೂ ಹೋಗುವುದೂ ಬಿಷಪರ ಪತ್ರದ ಮೇಲೆ. ಜನರಿಗೂ ಗುರುಗಳಿಗೂ ಸರಿಬರದಿದ್ದರೆ ಏನು ಮಾಡಬೇಕು ಎಂದು ಅವರ ಧರ್ಮಸಭೆಯ ಕಾನೂನು ಸಂಹಿತೆಯ 1740ರಿಂದ 1747ರವರೆಗಿನ ವಿಧಿಗಳಲ್ಲಿ ಬರೆದಿಟ್ಟಿದ್ದಾರೆ. ನಾನು ಪ್ರೊಟೆಸ್ಟಂಟನಾದರೂ ಆ ಎಂಟು ವಿಧಿಗಳನ್ನು ಮತ್ತೆ ಮತ್ತೆ ಓದಿದ್ದೇನೆ. ಗುರುವಿನದು ದೊಡ್ಡ ತಪ್ಪೇನೂ ಇಲ್ಲದಿದ್ದರೂ ಅವರ ಸೇವೆ ಆ ಊರಿನಲ್ಲಿ ಇನ್ನು ಫಲ ಕೊಡದು ಎನ್ನಿಸಿದರೆ ತೆಗೆಯಬಹುದು ಎನ್ನುತ್ತದೆ ಮೊದಲ ವಿಧಿ. ತಪ್ಪು ಯಾರದ್ದು ಎಂಬ ಪ್ರಶ್ನೆಯನ್ನೂ ಹೊರಡಬೇಕೇ ಎಂಬ ಪ್ರಶ್ನೆಯನ್ನೂ ಅದು ಬೇರೆ ಮಾಡಿಬಿಟ್ಟಿತು! ಬಿಷಪರು ಒಬ್ಬರೇ ನಿರ್ಧರಿಸುವಂತಿಲ್ಲ, ಇಬ್ಬರು ಗುರುಗಳೊಡನೆ ಚರ್ಚಿಸಬೇಕು. ಆಮೇಲೆ ಹದಿನೈದು ದಿನದೊಳಗೆ ತಾವಾಗಿಯೇ ರಾಜೀನಾಮೆ ಕೊಡುವಂತೆ ತಂದೆಯ ಹಾಗೆ ಮನವೊಲಿಸಬೇಕು. ಒಪ್ಪದಿದ್ದರೆ ಅವರಿಗೆ ಕಡತ ತೋರಿಸಿ ಲಿಖಿತ ಉತ್ತರಕ್ಕೆ ಅವಕಾಶ ಕೊಡಬೇಕು. ಕೊನೆಗೆ ಹೋಗುವವರು ಮನೆ ಬಿಟ್ಟು ಎಲ್ಲವನ್ನೂ ಒಪ್ಪಿಸಬೇಕು. ಅಲ್ಲೊಂದು ಸಾಲಿದೆ: ಅವರು ಕಾಯಿಲೆಯಿಂದಿದ್ದು ಕಷ್ಟವಿಲ್ಲದೆ ಬೇರೆಡೆಗೆ ಹೋಗಲಾಗದಿದ್ದರೆ, ಆ ಅಗತ್ಯ ಇರುವಷ್ಟು ದಿನ ಮನೆಯನ್ನು ಅವರಿಗೇ ಬಿಡಬೇಕು. ಕಾನೂನು ಬರೆದವರಲ್ಲಿ ಯಾರೋ ಒಬ್ಬರು ಪಾರ್ಸನೇಜ್ ಖಾಲಿ ಮಾಡಿಸುವುದನ್ನು ಕಣ್ಣಾರೆ ನೋಡಿದ್ದಿರಬೇಕು.

ಸಿಎಸ್‌ಐ, ಎಂದರೆ ದಕ್ಷಿಣ ಭಾರತ ಸಭೆಯವರದು ಇನ್ನೊಂದು ರೀತಿ. ಧಾರವಾಡದಲ್ಲಿ ಕುಳಿತ ಉತ್ತರ ಕರ್ನಾಟಕದ ಬಿಷಪರು, ಅವರ ಸಮಿತಿ, ಅಲ್ಲಿಂದ ವರ್ಗಾವಣೆ. ಅಲ್ಲೂ ಜಗಳವಿದೆ, ಪಕ್ಷವಿದೆ, ಕೋರ್ಟಿದೆ. ಸ್ವರ್ಗ ಎಂದು ನಾನು ಹೇಳುತ್ತಿಲ್ಲ. ಆದರೆ ವರ್ಗಾವಣೆ ಎಂಬ ಒಂದು ಪದ ಎಷ್ಟು ಜನರ ಮಾನ ಕಾಯ್ದಿದೆಯೋ ಲೆಕ್ಕವಿಲ್ಲ. ಬೇಸಿಗೆ ರಜೆಯಲ್ಲಿ ಲಾರಿ ಬರುತ್ತದೆ, ಮಂಚ ಹತ್ತುತ್ತದೆ, ಹಾರ ಹಾಕುತ್ತಾರೆ, ಜಗಳವಾಡಿದವರೇ ಸಾಮಾನು ಏರಿಸಲು ಕೈ ಕೊಡುತ್ತಾರೆ. ಸ್ವತಂತ್ರ ಸಭೆಗೆ ಆ ಲಾರಿ ಬರುವುದಿಲ್ಲ. ನಿಮ್ಮ ಮೇಲೆ ಯಾರೂ ಇಲ್ಲ. ನಿಮ್ಮ ಬೈಲಾ ಪುಸ್ತಕವೇ ನಿಮ್ಮ ಬಿಷಪ್. ಅದನ್ನು ಕೊನೆಯ ಸಲ ಯಾವಾಗ ತೆರೆದಿರಿ?

ಈಗ ತೆರೆಯಿರಿ. ಪೀಠದಲ್ಲಿ ಓದಿದ ಮಾತ್ರಕ್ಕೆ ರಾಜೀನಾಮೆಯಾಗುವುದಿಲ್ಲ. ಅದು ಬರಹದಲ್ಲಿ ಸಮಿತಿಗೆ ಬರಬೇಕು, ಸಮಿತಿ ಅದನ್ನು ಸ್ವೀಕರಿಸಿ ನಡಾವಳಿಯಲ್ಲಿ ದಿನಾಂಕ ಸಹಿತ ಬರೆಯಬೇಕು. ಆ ದಿನಾಂಕದವರೆಗಿನ ಸಂಬಳವನ್ನೂ ಬೇರೆ ಬಾಕಿಯನ್ನೂ ಲೆಕ್ಕ ಹಾಕಿ, ಕೇಳುವ ಮೊದಲೇ ಕೊಟ್ಟುಬಿಡಿ. ಕೀಲಿ ಬಂದ ಮೇಲೆ ಸಂಬಳ ಎಂದು ಹಿಡಿದಿಟ್ಟರೆ ಸಂಬಳ ಬಂದ ಮೇಲೆ ಕೀಲಿ ಎಂದು ಅವರೂ ಹಿಡಿದಿಡುತ್ತಾರೆ. ಇಂಥ ಒಂದು ಹಗ್ಗಜಗ್ಗಾಟ ನಾಲ್ಕು ವರ್ಷ ನಡೆದದ್ದನ್ನು ಕಂಡಿದ್ದೇನೆ.

ಬೀಗ ಒಡೆಯುವ ಮಾತನ್ನು ಇಂದೇ ನಿಲ್ಲಿಸಿ. ಕೆಲಸದ ಜೊತೆ ಕೊಟ್ಟ ಮನೆ, ಕೆಲಸ ಹೋದ ಮೇಲೆ ಬಿಡಬೇಕು ಎಂಬುದು ಸರಿ. ಆದರೆ ಒಳಗೆ ಅವರ ಸಾಮಾನಿರುವಾಗ ಬೀಗ ಒಡೆದರೆ ಪೊಲೀಸ್ ಠಾಣೆಯಲ್ಲಿ ಉತ್ತರ ಕೊಡಬೇಕಾದವರು ನೀವು. ಮಕ್ಕಳ ಶಾಲಾ ವರ್ಷ ಮುಗಿಯುವ ದಿನವನ್ನೇ ಗಡುವಾಗಿ ಇಟ್ಟು ಬರಹದಲ್ಲಿ ಕೊಡಿ. ಎರಡು ಮೂರು ತಿಂಗಳು ಪಾರ್ಸನೇಜ್ ಮುಚ್ಚಿದ್ದರೆ ಸಭೆ ಮುಳುಗದು. ದಾಖಲೆ ಪುಸ್ತಕಗಳ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಅವು ಪಾಸ್ಟರ್ ಆಸ್ತಿಯಲ್ಲ, ಸಮಿತಿಯ ಆಸ್ತಿಯೂ ಅಲ್ಲ. ಪಾಸ್‌ಪೋರ್ಟಿಗೋ ಮದುವೆಗೋ ದೀಕ್ಷಾಸ್ನಾನದ ಚೀಟಿ ಬೇಕಾಗಿ ಹತ್ತು ವರ್ಷದ ನಂತರ ದುಬೈಯಿಂದ ಫೋನ್ ಮಾಡುವ ಹುಡುಗನ ಆಸ್ತಿ. ಪ್ರತಿ ಪುಟದ ಫೋಟೊ ತೆಗೆದು, ಇಬ್ಬರ ಸಹಿಯೊಂದಿಗೆ ಪಟ್ಟಿ ಮಾಡಿ ಪಡೆದುಕೊಳ್ಳಿ.

ಫೆಬ್ರವರಿಯ ಮದುವೆಯ ಬಗ್ಗೆ ಆಮಂತ್ರಣ ಅಚ್ಚಾಗುವ ಮೊದಲೇ ಎಚ್ಚರ ವಹಿಸಿ. ನಮ್ಮ ಮದುವೆಗಳು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ನಡೆಯುತ್ತವೆ. ಬಿಷಪರಿಂದ ದೀಕ್ಷೆ ಪಡೆದ ಗುರುಗಳ ಮಾತು ಬೇರೆ. ಸ್ವತಂತ್ರ ಸಭೆಯ ಪಾಸ್ಟರಿಗೆ ಮದುವೆ ಮಾಡಿಸಲು ಸರ್ಕಾರದ ಪರವಾನಗಿ ಬೇಕು. ಹೋದವರ ಬಳಿ ಅದಿತ್ತು ಎಂದ ಮಾತ್ರಕ್ಕೆ ಮುಂದೆ ಬರುವವರಿಗೆ ಇರುತ್ತದೆ ಎಂದಲ್ಲ, ಪರವಾನಗಿ ವ್ಯಕ್ತಿಯದೇ ಹೊರತು ಕಟ್ಟಡದ್ದಲ್ಲ. ಒಳ್ಳೆಯ ಪ್ರಸಂಗಿ ಎಂದು ಯಾರನ್ನೋ ಕರೆದು ಮದುವೆ ಮಾಡಿಸಿ, ಆಮೇಲೆ ಪ್ರಮಾಣಪತ್ರ ಊರ್ಜಿತವಲ್ಲ ಎಂದು ಗೊತ್ತಾದರೆ ಆ ಹುಡುಗಿಯ ಮನೆಯವರಿಗೆ ಏನು ಹೇಳುತ್ತೀರಿ? ಪರವಾನಗಿಯ ಪ್ರತಿ ನೋಡಿಯೇ ಕರೆಯಿರಿ. ಆ ಕುಟುಂಬದವರು ಹಳೆಯ ಪಾಸ್ಟರೇ ಬಂದು ಮಾಡಿಸಲಿ ಎಂದರೆ, ಬಿಡಿ, ಮಾಡಿಸಲಿ. ಮದುವೆ ಅವರದು.

ಪೊಲೀಸರ ಬಳಿ ಹೋಗುವ ವಿಚಾರ. ಹುದ್ದೆ ಯಾರದ್ದು, ಆಸ್ತಿ ಯಾರದ್ದು ಎಂಬ ಸಭೆಯ ವ್ಯಾಜ್ಯ ಸಿವಿಲ್ ವ್ಯಾಜ್ಯ. ಕೇರಳದ ಸಿರಿಯನ್ ಸಭೆಯ ಜಗಳದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ಇಂಥ ದಾವೆ ಸಿವಿಲ್ ನ್ಯಾಯಾಲಯದಲ್ಲಿ ನಡೆಯುತ್ತದೆ ಎಂದು ಹೇಳಿತು. ಆ ಜಗಳ ಆ ತೀರ್ಪಿನಿಂದ ಮುಗಿಯಲಿಲ್ಲ ಎಂಬುದನ್ನೂ ನೆನಪಿಡಿ. ಹಣ ದುರುಪಯೋಗ ಎಂದು ದೂರು ಕೊಟ್ಟರೆ ಮೊದಲು ಕೇಳುವುದು ಚೆಕ್ಕಿನ ಪ್ರತಿ, ಅದರ ಮೇಲಿನ ಸಹಿಗಳ ಮಾತು ಆಗಲೇ ಆಡಿದ್ದೇವೆ. ಇನ್ನೊಂದು ಬಾಗಿಲೂ ಇದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಸದಸ್ಯರಲ್ಲಿ ಮೂರನೇ ಒಂದು ಭಾಗದವರು ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕಾಗುತ್ತದೆ. ಮನೆ ಲೆಕ್ಕದಲ್ಲಿ ಹಿಡಿದರೆ 60ರಲ್ಲಿ 18 ಈಗಾಗಲೇ ಅಲ್ಲಿದ್ದಾರೆ, ಇನ್ನೆರಡು ಮನೆ ಸಾಕು. ಆ ಬಾಗಿಲು ನಿಮಗೆ ತೆರೆದಿರುವಷ್ಟೇ ಅವರಿಗೂ ತೆರೆದಿದೆ. ಯಾರೂ ಅದನ್ನು ತಟ್ಟುವ ಮೊದಲು ಮೂರು ವರ್ಷದ ಲೆಕ್ಕವನ್ನು ಹೊರಗಿನ ಲೆಕ್ಕಪರಿಶೋಧಕರಿಂದ ನೋಡಿಸಿ, ಸಭೆಯ ಬಾಗಿಲಿಗೆ ಅಂಟಿಸಿ. ಸದಾಶಿವಗಡದ ಮನೆಗೂ ಒಂದು ಪ್ರತಿ ಕಳಿಸಿ.

ಆ ಮನೆಯಲ್ಲಿ ಕೂಟ ನಡೆಯುತ್ತಿದೆ ಎಂದು ಠಾಣೆಗೆ ತಿಳಿಸೋಣ ಎಂದು ನಿಮ್ಮಲ್ಲಿ ಯಾರಾದರೂ ಯೋಚಿಸಿದ್ದರೆ, ಈ ದಿನಗಳಲ್ಲಿ ಹಾಗೆ ತಿಳಿಸುವುದರ ಅರ್ಥ ಏನೆಂದು ಅವರಿಗೂ ಗೊತ್ತು, ನಿಮಗೂ ಗೊತ್ತು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. 18 ಮನೆಯವರ ಹೆಸರನ್ನು ಸದಸ್ಯರ ಪಟ್ಟಿಯಿಂದ ಹೊಡೆದುಹಾಕಬೇಡಿ. ಬೈಬಲಿನಲ್ಲಿ ಪೌಲ ಮತ್ತು ಬಾರ್ನಬ ತಮ್ಮ ಜೊತೆಗಾರ ಮಾರ್ಕನ ವಿಷಯದಲ್ಲಿ ಜಗಳವಾಡಿ ಬೇರೆಯಾದ ಕಥೆಯನ್ನು ಇಂಥ ಹೊತ್ತಿನಲ್ಲಿ ಎರಡೂ ಕಡೆಯವರು ಹೇಳುತ್ತಾರೆ, ಬೇರೆಯಾದದ್ದರಿಂದ ಸೇವೆ ಎರಡಾಯಿತು ನೋಡಿ ಎಂದು. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯವನ್ನು ಓದಿ ನೋಡಿ, ಅದು ಒಳ್ಳೆಯದಾಯಿತು ಎಂದು ಅಲ್ಲೆಲ್ಲೂ ಬರೆದಿಲ್ಲ. ಬಹಳ ವರ್ಷದ ನಂತರ, ಸೆರೆಯಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂದು ಪೌಲ ತಿಮೊಥೆಯನಿಗೆ ಬರೆಯುತ್ತಾನೆ. ನಡುವೆ ಏನು ನಡೆಯಿತೋ ನಮಗೆ ತಿಳಿಸಿಲ್ಲ.

ಈಗ ನನ್ನದೇ ಒಂದು ವಿಷಯ. ನಾನೂ ಹೀಗೆಯೇ ಒಂದು ಸಭೆ ಬಿಟ್ಟವನು. ಊರಿನ ಹೆಸರು ಬೇಡ, ಇದೇ ಕರಾವಳಿಯದು. ಪಾರ್ಸನೇಜಿನ ಅಂಗಳದಲ್ಲಿ ಏಳು ತೆಂಗಿನ ಮರಗಳಿದ್ದವು. ಕಾಯಿ ಸಭೆಯದೋ ಪಾಸ್ಟರದೋ ಎಂಬಲ್ಲಿ ಶುರುವಾದದ್ದು, ಎರಡು ವರ್ಷದಲ್ಲಿ ನನ್ನ ಪ್ರಸಂಗ, ನನ್ನ ಹೆಂಡತಿಯ ಸೀರೆ, ಎಲ್ಲಕ್ಕೂ ತಗಲಿತು. ನಾನು ಹೊರಟಾಗ ಯಾರೂ ಬಾಗಿಲಿಗೆ ಬರಲಿಲ್ಲ. ನಾನೂ ಯಾರಿಗೂ ಹೇಳಲಿಲ್ಲ. ಕೀಲಿಯನ್ನು ಹನ್ನೊಂದು ತಿಂಗಳು ಜೇಬಿನಲ್ಲಿಟ್ಟುಕೊಂಡಿದ್ದೆ. ಅವರು ಅಷ್ಟರಲ್ಲಿ ಬೀಗ ಬದಲಿಸಿದ್ದರು, ಆ ಕೀಲಿಯಿಂದ ಏನೂ ತೆರೆಯುತ್ತಿರಲಿಲ್ಲ. ಆದರೂ ಕೊಡಲಿಲ್ಲ. ಒಂದು ಮಧ್ಯಾಹ್ನ ಆ ಸಭೆಯ ಗಂಟೆ ಹೊಡೆಯುವ ಮುದುಕ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದ. ನಾನು ಮರೆತುಬಂದಿದ್ದ ಕೊಡೆ ಒಂದು ಕೈಯಲ್ಲಿ, ಚೀಲ ಇನ್ನೊಂದು ಕೈಯಲ್ಲಿ. ಚೀಲದಲ್ಲಿ ಹದಿನಾಲ್ಕು ಕಾಯಿ. "ಈ ಸಲದ ಕೊಯ್ಲಿನಲ್ಲಿ ನಿಮ್ಮ ಪಾಲು" ಎಂದ. ಯಾರು ಕಳಿಸಿದರು ಎಂದು ಕೇಳಿದೆ. ಯಾರೂ ಕಳಿಸಿಲ್ಲ, ನಾನೇ ಎಣಿಸಿ ತಂದೆ ಎಂದ. ಊಟ ಮಾಡಿ ಹೊರಡುವಾಗ ಕೀಲಿಯನ್ನು ಅವನ ಕೈಗೆ ಹಾಕಿದೆ. ಅವನು ಅದನ್ನು ಕೇಳಿಯೇ ಇರಲಿಲ್ಲ.

ಆದ್ದರಿಂದ ನನ್ನ ಸಲಹೆ ನಿಮ್ಮ ಸಮಿತಿಗೆ ಹುಚ್ಚು ಎನ್ನಿಸಬಹುದು: ಅವರಿಗೆ ಬೀಳ್ಕೊಡುಗೆ ಮಾಡಿ. ಜಗಳವಾಡಿ ಹೋದವರಿಗೆ ಎಂಥ ಬೀಳ್ಕೊಡುಗೆ ಎಂದು ಕೇಳುತ್ತಾರೆ. ಜಗಳವಾಡಿ ಹೋದವರಿಗೇ ಅದು ಬೇಕಾದದ್ದು. ಬೀಳ್ಕೊಡುಗೆ ಆಗದ ಪಾಸ್ಟರ್ ನಿಜವಾಗಿ ಹೋಗಿರುವುದಿಲ್ಲ. ಕೀಲಿಯಲ್ಲಿ, ವಾಟ್ಸ್ಆ್ಯಪ್ ಗುಂಪಿನಲ್ಲಿ, ಮುಂದೆ ಬರುವವರ ಪ್ರತಿ ಪ್ರಸಂಗವನ್ನೂ ತೂಗುವ ತಕ್ಕಡಿಯಲ್ಲಿ ಅಲ್ಲೇ ಇರುತ್ತಾರೆ. ಸುಳ್ಳು ಹೊಗಳಿಕೆ ಬೇಡ, ಸನ್ಮಾನ ಪತ್ರ ಬೇಡ. ಒಂದು ಸಂಜೆ, ಆರಾಧನೆಯ ಹೊತ್ತಲ್ಲದೆ, 60 ಮನೆಯನ್ನೂ ಕರೆದು ಹಣದ ಬಗ್ಗೆ ನಡೆದದ್ದನ್ನು ನಡೆದ ಹಾಗೆ ಹೇಳಿ. ಪತ್ರ ಶನಿವಾರ ಕೊಟ್ಟದ್ದು ತಪ್ಪು ಎಂದು ಹೇಳಿ. ಒಂಬತ್ತು ವರ್ಷದಲ್ಲಿ ಅವರು ಎಷ್ಟು ಶವಸಂಸ್ಕಾರ ಮಾಡಿಸಿದರು, ರಾತ್ರಿ ಎಷ್ಟು ಆಸ್ಪತ್ರೆಗೆ ಓಡಿದರು ಎಂದು ಆಯಾ ಮನೆಯವರೇ ಹೇಳಲಿ. ಅವರು ಬರದಿದ್ದರೆ ಖಾಲಿ ಕುರ್ಚಿ ಇಟ್ಟು ನಾಟಕ ಮಾಡಬೇಡಿ. ಸಭೆ ನಡೆಸಿ ಅಷ್ಟೆ.

ಅಂದು ಪಾಸ್ಟರಮ್ಮನನ್ನು ಹೆಸರು ಹಿಡಿದು ನೆನೆಯಿರಿ. ನಿಮ್ಮ ಪತ್ರದಲ್ಲಿ ಅವರು ಬರುವುದು ಒಂದೇ ಕಡೆ, ಕೀಬೋರ್ಡ್ ಒಯ್ದವರಾಗಿ. ಒಂಬತ್ತು ವರ್ಷ ಭಾನುವಾರ ಶಾಲೆ ನಡೆಸಿದ್ದು ಯಾರು? ಸಂಬಳವಿತ್ತೇ? ಅವರನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ, ಅವರು ರಾಜೀನಾಮೆಯನ್ನೂ ಕೊಡಲಿಲ್ಲ, ಆದರೂ ಒಂದು ಭಾನುವಾರ ಬೆಳಿಗ್ಗೆ ಅವರ ಮಕ್ಕಳೆಲ್ಲ ಅವರಿಂದ ದೂರವಾದರು. ಕೀಬೋರ್ಡಿನ ಬಿಲ್ಲು ಯಾರ ಹೆಸರಿನಲ್ಲಿದೆ ಎಂದು ನೋಡಿ. ಅವರದೇ ಹೆಸರಿನಲ್ಲಿದ್ದರೂ ನನಗೆ ಆಶ್ಚರ್ಯವಿಲ್ಲ.

ಹೊಸ ಪಾಸ್ಟರನ್ನು ಹುಡುಕುವ ಆತುರ ಬೇಡ. ಆರು ತಿಂಗಳು ಬೇರೆ ಬೇರೆ ಪ್ರಸಂಗಿಗಳು ಬಂದು ಹೋಗಲಿ. ಹಿಂದಿ ಆರಾಧನೆ ಇರಬೇಕೋ ಬೇಡವೋ ಎಂಬುದನ್ನು ಅಷ್ಟರಲ್ಲಿ ನೀವೇ ತೀರ್ಮಾನಿಸಿ, ಬರುವವರ ತಲೆಗೆ ಕಟ್ಟಬೇಡಿ. ಛಾವಣಿಯನ್ನು ಮೇ ಮುಗಿಯುವುದರೊಳಗೆ ಹೊದಿಸಿ. ಸ್ಪೀಕರ್ ಮಾರಬೇಕಾಗಿ ಬಂದರೆ ಮಾರಿ.

ಇದೆಲ್ಲಕ್ಕೂ ಮೊದಲು ಒಂದು ಕೆಲಸವಿದೆ. ಪತ್ರಕ್ಕೆ ಸಹಿ ಹಾಕದ ಒಬ್ಬ ಹಿರಿಯರನ್ನು ಜೊತೆಗೆ ಕರೆದುಕೊಂಡು, ಕಾಳಿ ಸೇತುವೆ ದಾಟಿ ಆ ಮನೆಗೆ ಹೋಗಿ. ಶನಿವಾರ ಹೋಗಬೇಡಿ. ಕೀಲಿ ಕೇಳಬೇಡಿ. ಚೆಕ್ಕಿನ ಪ್ರತಿಯನ್ನು ಮೇಜಿನ ಮೇಲಿಟ್ಟು, ಎರಡನೆಯ ಸಹಿ ನನ್ನದು ಎಂದು ನೀವೇ ಮೊದಲು ಹೇಳಿ.